‘ಸೂಪರ್ ಸರ್’ ಅನ್ನುವ ಮೊದಲು: ಹವ್ಯಾಸಿ ಫೋಟೋಗಳಿಗೆ ಅಭಿಪ್ರಾಯ ಹೇಳುವುದು, ಕೇಳಿಸಿಕೊಳ್ಳುವುದು ಹೇಗೆ

ರಂಗನತಿಟ್ಟಿನಲ್ಲಿ ತೆಗೆದ ಒಂದು ಬೆಳ್ಳಕ್ಕಿಯ ಫೋಟೋ ನನ್ನ ಹತ್ತಿರ ಇದೆ. ಹಿಂದೆ ಗಾಢ ನೆರಳು, ಮುಂದೆ ಕಪ್ಪು ಬಂಡೆ, ನಡುವೆ ರೆಕ್ಕೆ ಬಿಚ್ಚಿದ ಹಕ್ಕಿ. ಮೊದಲ ವರ್ಷ ಅದನ್ನು ಸಿಕ್ಕಿದವರಿಗೆಲ್ಲ ತೋರಿಸಿದೆ. ಮನೆಯಲ್ಲಿ ‘ಚೆನ್ನಾಗಿದೆ’ ಅಂದರು. ಆಫೀಸಿನಲ್ಲಿ ‘ಸೂಪರ್ ಸರ್’ ಅಂದರು. ಫೋಟೋಗ್ರಫಿಯಲ್ಲಿ ಪಳಗಿದ ಹಿರಿಯರೊಬ್ಬರು ಮೂರೇ ಸೆಕೆಂಡು ನೋಡಿ, ‘ಬರ್ನ್ ಆಗಿದೆ, ಡಿಲೀಟ್ ಮಾಡಿ’ ಅಂದು ಫೋನ್ ವಾಪಸ್ ಕೊಟ್ಟರು.

ಹಿರಿಯರು ಹೇಳಿದ್ದು ನಿಜವೇ. ಬೆಳಕು ಹೆಚ್ಚಾಗಿ ಹಕ್ಕಿಯ ಬೆನ್ನಿನಲ್ಲಿ ಒಂದು ಗರಿಯೂ ಕಾಣುತ್ತಿರಲಿಲ್ಲ, ಸುಣ್ಣ ಬಳಿದ ಗೋಡೆ ಥರ ಇತ್ತು. ಆದರೆ ಯಾಕೆ ಹಾಗಾಯಿತು, ಮುಂದಿನ ಸಲ ದೋಣಿಯಲ್ಲಿ ಕೂತಾಗ ನಾನು ಏನು ಮಾಡಬೇಕು ಅಂತ ಗೊತ್ತಾಗಲಿಲ್ಲ. ಅದನ್ನು ಹೇಳಿದ್ದು ಒಬ್ಬ ಗೆಳತಿ, ಅದೂ ಒಂದು ವರ್ಷ ಕಳೆದ ಮೇಲೆ, ಕಾಫಿ ಕುಡಿಯುತ್ತಾ: ‘ಹಿನ್ನೆಲೆ ಕಪ್ಪಗಿದೆಯಲ್ಲ, ಕ್ಯಾಮೆರಾ ಅದನ್ನ ನೋಡಿ ಬೆಳಕು ಸಾಲದು ಅಂದ್ಕೊಂಡು ಜಾಸ್ತಿ ಬೆಳಕು ಒಳಗೆ ಬಿಟ್ಟಿದೆ. ಎಕ್ಸ್‌ಪೋಶರ್ ಕಾಂಪೆನ್ಸೇಶನ್ ಮೈನಸ್ ಒಂದಕ್ಕಿಟ್ಟು ನೋಡು, ಒಳಗೆ ಬರೋ ಬೆಳಕು ಕಮ್ಮಿ ಆಗುತ್ತೆ.’ ಅಷ್ಟೇ. ಹೊಗಳಿಕೆಯೂ ಇಲ್ಲ, ಬೈಗುಳವೂ ಇಲ್ಲ.

ಅವತ್ತಿನಿಂದ ನಾನು ಯಾರ ಫೋಟೋ ಬಗ್ಗೆ ಮಾತಾಡುವ ಮುಂಚೆಯೂ ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ನನ್ನ ಮಾತು ಕೇಳಿದವರು ನಾಳೆ ಅದೇ ಜಾಗದಲ್ಲಿ ನಿಂತರೆ ಏನಾದರೂ ಬೇರೆ ಮಾಡಬಹುದಾ? ಮಾಡಬಹುದು ಅಂದರೆ ಹೇಳುತ್ತೇನೆ. ಇಲ್ಲ ಅಂದರೆ ಇನ್ನೂ ಸ್ವಲ್ಪ ಹೊತ್ತು ಫೋಟೋ ನೋಡುತ್ತೇನೆ. ಕೆಳಗೆ ಬರುವ ಹಂತಗಳೆಲ್ಲ ಹುಟ್ಟಿದ್ದು ಈ ಪ್ರಶ್ನೆಯಿಂದಲೇ.

ಹೇಳುವವರಿಗೆ: ಮೊದಲು ಸರಿಯಾಗಿ ನೋಡಿ

ಫೋಟೋವನ್ನು ಒಂದು ನಿಮಿಷ ನೋಡಿ. ಬೇಕಾದರೆ ಗಡಿಯಾರ ಇಟ್ಟುಕೊಳ್ಳಿ, ಒಂದು ನಿಮಿಷ ಎಷ್ಟು ಉದ್ದ ಅಂತ ಆಗ ಗೊತ್ತಾಗುತ್ತದೆ. ಹತ್ತು ಸೆಕೆಂಡಿಗೆ ‘ನೋಡಿ ಆಯ್ತು’ ಅನಿಸುತ್ತದೆ, ಇಪ್ಪತ್ತಕ್ಕೆ ಬೇಜಾರು ಶುರುವಾಗುತ್ತದೆ, ಮೂವತ್ತು ದಾಟಿದ ಮೇಲೆ ಎಡಗಡೆ ಮೂಲೆಯಲ್ಲಿ ಯಾರದೋ ಅರ್ಧ ಮೊಣಕೈ ಇರುವುದು ಕಣ್ಣಿಗೆ ಬೀಳುತ್ತದೆ.

ಯಾವುದರಲ್ಲಿ ನೋಡುತ್ತಿದ್ದೀರಿ ಅನ್ನುವುದೂ ಮುಖ್ಯ. ರಾತ್ರಿ ಮಲಗುವ ಮುಂಚೆ, ಫೋನಿನ ಬ್ರೈಟ್‌ನೆಸ್ ಇಳಿಸಿ, ಕಣ್ಣಿಗೆ ತಂಪು ಅಂತ ಹಳದಿ ಫಿಲ್ಟರ್ ಹಾಕಿಕೊಂಡು ನೋಡಿ ‘ಬಣ್ಣ ಸ್ವಲ್ಪ ಹಳದಿ ಆಯ್ತು, ಡಾರ್ಕ್ ಆಯ್ತು’ ಅಂದರೆ ಅದು ನಿಮ್ಮ ಫೋನಿನ ವಿಮರ್ಶೆ. ನಗಬೇಡಿ, ನಾನೇ ಮಾಡಿದ್ದೇನೆ. ವಾಟ್ಸಾಪಿನಲ್ಲಿ ಸಾಮಾನ್ಯವಾಗಿ ಕಳಿಸಿದ ಫೋಟೋ ಸಣ್ಣದಾಗಿ, ಹಿಂಡಿ ಬಂದಿರುತ್ತದೆ. ಅದನ್ನು ದೊಡ್ಡದು ಮಾಡಿ ನೋಡಿ ‘ಶಾರ್ಪ್ ಇಲ್ಲ’ ಅನ್ನಬೇಡಿ. ಡಾಕ್ಯುಮೆಂಟ್ ಮಾಡಿ ಕಳಿಸಲು ಹೇಳಿ, ಆಗ ಮೂಲ ಫೈಲೇ ಬರುತ್ತದೆ.

ನೋಡುವಾಗ ನಾನು ಎರಡು ಹಳೇ ಉಪಾಯ ಬಳಸುತ್ತೇನೆ. ಒಂದು, ಫೋಟೋವನ್ನು ಅಂಚೆ ಚೀಟಿಯಷ್ಟು ಚಿಕ್ಕದು ಮಾಡುವುದು. ಅಷ್ಟು ಚಿಕ್ಕದರಲ್ಲೂ ವಿಷಯ ಏನು ಅಂತ ಗೊತ್ತಾದರೆ ಫ್ರೇಮ್ ಗಟ್ಟಿಯಾಗಿದೆ. ಬರೀ ಬಣ್ಣದ ಕಲಸುಮೇಲೋಗರ ಕಂಡರೆ ಎಲ್ಲೋ ಗೊಂದಲ ಇದೆ. ಇನ್ನೊಂದು, ತಲೆಕೆಳಗು ಮಾಡುವುದು. ಆಗ ಮುಖ, ಮರ, ದೇವಸ್ಥಾನ ಅನ್ನುವುದು ಮರೆತು ಬರೀ ಬೆಳಕು, ಕತ್ತಲೆ, ಆಕಾರ ಕಾಣುತ್ತವೆ. ಅಲ್ಲಿಯವರೆಗೆ ಕಾಣದೇ ಇದ್ದ ಒಂದು ಬಿಳಿ ಪ್ಲಾಸ್ಟಿಕ್ ಕವರ್ ಆಗ ಇಡೀ ಚಿತ್ರವನ್ನೇ ಆಳುತ್ತಿರುತ್ತದೆ.

ಈ ನೋಟ ಪಳಗಬೇಕು ಅಂದರೆ ಹೆಸರಾದವರ ಚಿತ್ರಗಳ ಮೇಲೆ ಅಭ್ಯಾಸ ಮಾಡಿ, ಯಾರಿಗೂ ನೋವಾಗುವುದಿಲ್ಲ. ಮೈಸೂರಿನ ಟಿ.ಎಸ್. ಸತ್ಯನ್ (1923–2009) ಸಾಮಾನ್ಯ ಜನರ ಕಪ್ಪು-ಬಿಳುಪು ಚಿತ್ರ ತೆಗೆದವರು. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ (1932–2017) ವನ್ಯಜೀವಿಗಳ ಚಿತ್ರಕ್ಕೆ ಹೆಸರಾದವರು. ಇಬ್ಬರದೂ ಒಂದೊಂದು ಚಿತ್ರ ಎದುರಿಗಿಟ್ಟುಕೊಂಡು, ಇದರಲ್ಲಿ ಏನನ್ನು ಬಿಟ್ಟಿದ್ದಾರೆ ಅಂತ ಕೇಳಿಕೊಳ್ಳಿ. ಏನನ್ನು ಸೇರಿಸಿದ್ದಾರೆ ಅನ್ನುವುದು ಎಲ್ಲರಿಗೂ ಕಾಣುತ್ತದೆ. ಫ್ರೇಮಿನ ಹೊರಗೆ ಏನು ಉಳಿಯಿತು ಅನ್ನುವುದು ಯೋಚಿಸಿದರೆ ಮಾತ್ರ ಹೊಳೆಯುತ್ತದೆ.

ಕಂಡದ್ದನ್ನು ಹೇಳಿ, ತೀರ್ಪು ಆಮೇಲೆ

ಮೊದಲ ಮಾತು ವರದಿ ಥರ ಇರಲಿ. ‘ನನ್ನ ಕಣ್ಣು ಮೊದಲು ಅಜ್ಜನ ಕೆಂಪು ಪೇಟಕ್ಕೆ ಹೋಯ್ತು, ಅಲ್ಲಿಂದ ಹಿಂದಿನ ಬೈಕಿನ ನಂಬರ್ ಪ್ಲೇಟಿಗೆ ಹೋಯ್ತು, ಆಮೇಲೆ ಮುಖಕ್ಕೆ ಬಂತು.’ ಇಷ್ಟು ಹೇಳಿದರೆ ಸಾಕು, ತೆಗೆದವರಿಗೆ ಅರ್ಧ ಕೆಲಸ ಆಯ್ತು. ಅವರಿಗೆ ಆ ನಂಬರ್ ಪ್ಲೇಟು ಇದ್ದದ್ದೇ ಗೊತ್ತಿರುವುದಿಲ್ಲ, ಯಾಕೆಂದರೆ ಫೋಟೋ ತೆಗೆಯುವಾಗ ಅವರು ಅಜ್ಜನನ್ನು ಮಾತ್ರ ನೋಡುತ್ತಿದ್ದರು. ನಮ್ಮ ಕಣ್ಣು ಬೇಕಾದ್ದನ್ನು ಹೆಕ್ಕಿ ನೋಡುತ್ತದೆ. ಲೆನ್ಸಿಗೆ ಆ ಸೌಜನ್ಯ ಇಲ್ಲ.

ಇದರಲ್ಲಿ ಇನ್ನೊಂದು ಅನುಕೂಲ ಇದೆ. ‘ಹಿನ್ನೆಲೆ ಕೆಟ್ಟದಾಗಿದೆ’ ಅಂದರೆ ಜಗಳಕ್ಕೆ ದಾರಿ. ‘ನನ್ನ ಕಣ್ಣು ಹಿನ್ನೆಲೆಗೆ ಹೋಯ್ತು’ ಅಂದರೆ ಅದು ನನ್ನ ಕಣ್ಣಿನ ವಿಷಯ, ಅದರ ಮೇಲೆ ಯಾರೂ ವಾದ ಮಾಡಲು ಬರುವುದಿಲ್ಲ.

ಆಮೇಲೆ ಕೇಳಿ

ಇಲ್ಲಿ ನನ್ನದೇ ಒಂದು ತಪ್ಪು ಹೇಳಬೇಕು. ದಕ್ಷಿಣ ಕನ್ನಡದ ಒಬ್ಬ ಹುಡುಗ ಕಂಬಳದ ಫೋಟೋ ತೋರಿಸಿದ. ಕೋಣಗಳ ತಲೆ ಒಂದಿಷ್ಟು ಸ್ಪಷ್ಟ, ಉಳಿದದ್ದೆಲ್ಲ ಗೀರುಗೀರು, ಕೆಸರು ನೀರು ಬೆಳ್ಳಿ ದಾರದ ಥರ ಎಳೆದುಕೊಂಡಿತ್ತು. ನಾನು ದೊಡ್ಡ ಮನುಷ್ಯನ ಹಾಗೆ, ‘ಶಟರ್ ಸ್ಪೀಡ್ ಸಾಲದು ಕಣೋ, ಸಾವಿರದ ಮೇಲೆ ಇಡಬೇಕು’ ಅಂದೆ, ಅಂದರೆ ಶಟರ್ 1/1000 ಸೆಕೆಂಡಿಗಿಂತ ಕಮ್ಮಿ ಹೊತ್ತು ತೆರೆದಿರಬೇಕು ಅಂತ. ಅವನು ಮೆಲ್ಲಗೆ, ‘ಅದು ಬೇಕೂಂತಲೇ ಮಾಡಿದ್ದು ಸರ್, ನಲವತ್ತರಲ್ಲಿ ಪ್ಯಾನಿಂಗ್’ ಅಂದ. ಅಂದರೆ 1/40 ಸೆಕೆಂಡಿನಲ್ಲಿ, ಓಡುವ ಕೋಣಗಳ ಜೊತೆ ಕ್ಯಾಮೆರಾವನ್ನೂ ತಿರುಗಿಸುತ್ತಾ ತೆಗೆದದ್ದು. ಆ ಒಂದು ಫ್ರೇಮಿಗಾಗಿ ಅವನು ಮೂರು ಸೀಸನ್ ಕಂಬಳದ ಗದ್ದೆಯ ಅಂಚಿನಲ್ಲಿ ನಿಂತಿದ್ದ. ನಾನು ಕೊಟ್ಟ ಸಲಹೆ ಪಾಲಿಸಿದ್ದರೆ ಅವನ ಚಿತ್ರ ಪತ್ರಿಕೆಯಲ್ಲಿ ಬರುವ ನೂರು ಕಂಬಳದ ಫೋಟೋಗಳಲ್ಲಿ ನೂರೊಂದನೆಯದು ಆಗುತ್ತಿತ್ತು.

ಹಾಗಾಗಿ ತಪ್ಪು ತೋರಿಸುವ ಮುಂಚೆ ಕೇಳಿ. ಇದರಲ್ಲಿ ಏನು ತೋರಿಸಬೇಕು ಅಂದ್ಕೊಂಡಿದ್ರಿ? ಈ ಮಸುಕು ಬೇಕೂಂತ ಮಾಡಿದ್ದಾ? ಸಲಾನಿಗೆ (ಫೋಟೋ ಸ್ಪರ್ಧೆಗೆ) ಕಳಿಸ್ತೀರಾ, ಮನೆ ಗೋಡೆಗಾ? ಕೊನೆಯ ಪ್ರಶ್ನೆ ತಮಾಷೆಗಲ್ಲ. ಸಲಾನ್‌ಗಳ ನೇಚರ್ ವಿಭಾಗದಲ್ಲಿ ಕ್ರಾಪ್ ಮಾಡಬಹುದು, ಆದರೆ ಚಿತ್ರದಲ್ಲಿ ಇದ್ದದ್ದನ್ನು ಅಳಿಸುವುದು, ಇಲ್ಲದ್ದನ್ನು ಸೇರಿಸುವುದು ನಿಷಿದ್ಧ. ಅದು ಗೊತ್ತಿಲ್ಲದೆ ‘ಆ ಕಡ್ಡಿ ಒಂದು ಕ್ಲೋನ್ ಮಾಡಿ ತೆಗೆದುಬಿಡಿ’ ಅಂತ ಸಲಹೆ ಕೊಟ್ಟರೆ, ಪಾಪ, ಅವರ ಚಿತ್ರ ಹೊರಗೆ ಬೀಳುತ್ತದೆ.

ಅಮೆರಿಕದ ನೃತ್ಯ ಸಂಯೋಜಕಿ ಲಿಜ್ ಲರ್ಮನ್ 1990ರಲ್ಲಿ ಕಲಾವಿದರ ಕೆಲಸಕ್ಕೆ ಪ್ರತಿಕ್ರಿಯೆ ಕೊಡುವ ಒಂದು ಕ್ರಮ ರೂಪಿಸಿದರು. ಅದರಲ್ಲಿ ಅಭಿಪ್ರಾಯ ಬರುವುದು ಕಟ್ಟಕಡೆಗೆ, ಅದೂ ‘ಇದರ ಬಗ್ಗೆ ನನಗೊಂದು ಅಭಿಪ್ರಾಯ ಇದೆ, ಹೇಳಲಾ?’ ಅಂತ ಕೇಳಿ, ಅವರು ಹೂಂ ಅಂದ ಮೇಲೆ. ನಮ್ಮ ಕಡೆ ಇಷ್ಟು ಶಿಸ್ತು ಸ್ವಲ್ಪ ನಾಟಕೀಯ ಅನಿಸಬಹುದು. ಆದರೂ ‘ಒಂದು ಮಾತು ಹೇಳಲಾ?’ ಅಂತ ಕೇಳುವುದರಲ್ಲಿ ನಮಗೆ ಖರ್ಚೇನೂ ಇಲ್ಲ.

ತಪ್ಪುಗಳನ್ನು ಮೂರು ಡಬ್ಬಿಗೆ ಹಾಕಿ

ಈಗ ತಪ್ಪಿನ ಸರದಿ. ಕಂಡದ್ದನ್ನೆಲ್ಲ ಸುರಿಯಬೇಡಿ. ಮನಸ್ಸಿನಲ್ಲೇ ಮೂರು ಡಬ್ಬಿ ಮಾಡಿಕೊಳ್ಳಿ.

ಮೊದಲನೆಯದು ಮನೆಯಲ್ಲೇ ಸರಿಮಾಡಬಹುದಾದದ್ದು. ಕೆರೆಯ ನೀರು ಒಂದು ಕಡೆ ಸೋರಿಹೋಗುವ ಹಾಗೆ ದಿಗಂತ ಸೊಟ್ಟಗಿದೆ, ಬಣ್ಣದ ಸ್ಲೈಡರ್ ಕೊನೆಯವರೆಗೆ ಎಳೆದು ಗದ್ದೆ ರೇಡಿಯಂ ಹಸಿರಾಗಿದೆ, ಅಂಚಿನಲ್ಲಿ ಬೇಡದ ಕೊಂಬೆ ಇದೆ. ಇವನ್ನು ಧೈರ್ಯವಾಗಿ ಹೇಳಿ, ಐದು ನಿಮಿಷದ ಕೆಲಸ, ಕೇಳಿದವರಿಗೂ ತಕ್ಷಣ ಖುಷಿ.

ಎರಡನೆಯದು ಮುಂದಿನ ಸಲ ಅಲ್ಲೇ ನಿಂತಾಗ ಸರಿಮಾಡಬಹುದಾದದ್ದು. ನಿಮ್ಮ ಅನುಭವಕ್ಕೆ ಬೆಲೆ ಬರುವುದು ಇಲ್ಲಿ, ಆದ್ದರಿಂದ ಸಮಯವನ್ನೂ ಇಲ್ಲೇ ಹಾಕಿ. ಒಂದು ಉದಾಹರಣೆ ಕೊಡುತ್ತೇನೆ. ದೀಪ ಹಾಕಿದ ಮೈಸೂರು ಅರಮನೆಯ ಫೋಟೋ ಎಲ್ಲರ ಹತ್ತಿರವೂ ಇರುತ್ತದೆ. ಬಹಳಷ್ಟರಲ್ಲಿ ಆಕಾಶ ಮಸಿ ಕಪ್ಪು, ಅರಮನೆ ಒಂದು ಹಳದಿ ಮುದ್ದೆ. ‘ಎಕ್ಸ್‌ಪೋಶರ್ ಕಮ್ಮಿ ಮಾಡಿ’ ಅನ್ನುವುದು ಸರಿಯಾದ ಸಲಹೆಯೇ, ಆದರೆ ಅರ್ಧ. ಪೂರ್ತಿ ಸಲಹೆ ಕ್ಯಾಲೆಂಡರಿನಲ್ಲಿದೆ. ಭಾನುವಾರ ದೀಪ ಬೆಳಗುವುದು ಸಂಜೆ ಏಳಕ್ಕೆ. ಡಿಸೆಂಬರಿನಲ್ಲಿ ಮೈಸೂರಿನಲ್ಲಿ ಸೂರ್ಯ ಆರು ಗಂಟೆ ಹೊತ್ತಿಗೇ ಮುಳುಗುತ್ತಾನೆ, ಏಳಕ್ಕೆ ಆಕಾಶದಲ್ಲಿ ಏನೂ ಉಳಿದಿರುವುದಿಲ್ಲ. ಮೇ ಕೊನೆ, ಜೂನಿನಲ್ಲಿ ಸೂರ್ಯಾಸ್ತ ಆಗುವುದೇ ಆರು ಮುಕ್ಕಾಲರ ಆಸುಪಾಸಿನಲ್ಲಿ. ದೀಪ ಹತ್ತಿದಾಗ ಆಕಾಶ ಇನ್ನೂ ನೀಲಿ ಇರುತ್ತದೆ, ಗೋಪುರಗಳ ಅಂಚು ಆ ನೀಲಿಯ ಮೇಲೆ ಬಿಡಿಸಿಟ್ಟ ಹಾಗೆ ಕಾಣುತ್ತದೆ. ಮಳೆ ಮೋಡದ ಅಪಾಯ ಇದ್ದೇ ಇದೆ, ಮೋಡ ಇದ್ದರೆ ಇನ್ನೊಂದು ಭಾನುವಾರ ಹೋಗಿ. ಇದನ್ನು ಯಾರಾದರೂ ನನಗೆ ಹೇಳಿದ್ದರೆ ಮೂರು ದಸರಾ ಉಳಿಯುತ್ತಿತ್ತು.

ಯಕ್ಷಗಾನದ ಫೋಟೋದಲ್ಲಿ ಅಡ್ಡಡ್ಡ ಕಪ್ಪು ಪಟ್ಟೆ ಬಂದಿದ್ದರೂ ಹೀಗೇ. ‘ಕ್ಯಾಮೆರಾ ಹಾಳಾಗಿದೆಯೇನೋ’ ಅನ್ನಬೇಡಿ. ನಮ್ಮ ಕರೆಂಟು 50 ಹರ್ಟ್ಸ್, ಕೆಲವು ಎಲ್‌ಇಡಿ ದೀಪಗಳು ಸೆಕೆಂಡಿಗೆ ನೂರು ಸಲ ಮಿಣುಕುತ್ತವೆ, ಕಣ್ಣಿಗೆ ಕಾಣುವುದಿಲ್ಲ, ವೇಗದ ಶಟರಿಗೆ ಕಾಣುತ್ತದೆ. 1/100 ಅಥವಾ 1/50ಕ್ಕೆ ಇಳಿಸಿದರೆ ಬಹುತೇಕ ಹೋಗುತ್ತದೆ. ವೇಷಧಾರಿ ಗಿರಕಿ ಹೊಡೆಯುವಾಗ 1/100ರಲ್ಲಿ ಮಸುಕಾಗುತ್ತದಲ್ಲ ಅಂತೀರಾ? ಹೌದು, ಆಗುತ್ತದೆ. ನಿಂತು ಅರ್ಥ ಹೇಳುವ ಕ್ಷಣಕ್ಕೆ ಕಾಯಿರಿ, ಮುಖಭಾವ ಚೆನ್ನಾಗಿರುವುದೂ ಆಗಲೇ.

ಮೂರನೆಯದು ಯಾರ ಕೈಯಲ್ಲೂ ಇಲ್ಲದ್ದು. ‘ಹುಲಿ ಸ್ವಲ್ಪ ಈ ಕಡೆ ತಿರುಗಿದ್ದರೆ’, ‘ನಿಮ್ಮ ಹತ್ತಿರ 600 ಎಂಎಂ ಲೆನ್ಸ್ (ದೂರದ್ದನ್ನು ಹತ್ತಿರ ತೋರಿಸುವಂಥದ್ದು) ಇದ್ದಿದ್ದರೆ’. ಈ ಡಬ್ಬಿಯನ್ನು ಮುಚ್ಚಿ ಇಡಿ. ಲೆನ್ಸಿನ ಮಾತಂತೂ ಬೇಡವೇ ಬೇಡ. ಎದುರಿಗಿರುವವರ ಜೇಬು ನಮಗೆ ಗೊತ್ತಿರುವುದಿಲ್ಲ.

ಮೂರೂ ಡಬ್ಬಿ ನೋಡಿದ ಮೇಲೆ ಒಂದು, ಹೆಚ್ಚೆಂದರೆ ಎರಡು ಮಾತು ಆರಿಸಿ. ಹೊಸಬರಿಗೆ ಒಂಬತ್ತು ತಪ್ಪು ಹೇಳಿದರೆ ಅವರಿಗೆ ನೆನಪಿರುವುದು ಹತ್ತನೆಯದು: ನನಗೆ ಇದು ಬರಲ್ಲ ಅನ್ನುವುದು.

ಒಂದು ಚಿತ್ರದ ಮೇಲೆ ಪೂರ್ತಿ ಮಾಡಿ ನೋಡೋಣ

ನಮ್ಮ ಫೋಟೋ ಗುಂಪಿಗೆ ಹೊಸದಾಗಿ ಬಂದ ಒಬ್ಬ ಮೇಡಂ ಫೋನಿನಲ್ಲಿ ತೆಗೆದ ಚಿತ್ರ. ದೇವರಾಜ ಮಾರುಕಟ್ಟೆಯಲ್ಲಿ ಒಬ್ಬ ಅಮ್ಮ ಮಲ್ಲಿಗೆ ಹೂ ಕಟ್ಟುತ್ತಿದ್ದಾರೆ. ಮುಂದೆ ಹೂವಿನ ರಾಶಿ, ಮೇಲೆ ನೀಲಿ ಟಾರ್ಪಾಲು, ತಲೆಯ ಹಿಂದೆ ಒಂದು ಟ್ಯೂಬ್‌ಲೈಟು. ಹಿನ್ನೆಲೆ ಮಸುಕು ಮಾಡುವ ಪೋರ್ಟ್ರೇಟ್ ಮೋಡ್ ಹಾಕಿ ತೆಗೆದಿದ್ದಾರೆ.

ಮಾಮೂಲಿ ಪ್ರತಿಕ್ರಿಯೆಗಳು ಹೀಗೆ ಬರುತ್ತವೆ: ‘ನೈಸ್ ಕ್ಯಾಪ್ಚರ್.’ ‘ಕಲರ್ ಸರಿ ಇಲ್ಲ.’ ‘ರೂಲ್ ಆಫ್ ಥರ್ಡ್ಸ್ ಪಾಲಿಸಿ.’ ಮೂರನೆಯದು ನನಗೆ ಅತಿ ಸಿಟ್ಟು ತರಿಸುವಂಥದ್ದು. ಫ್ರೇಮನ್ನು ಮೂರು ಮೂರು ಭಾಗ ಮಾಡಿ ಗೆರೆ ಕೂಡುವಲ್ಲಿ ವಿಷಯ ಇಡಿ ಅನ್ನುವುದು ಕಲಿಯುವವರಿಗೆ ಒಂದು ಊರುಗೋಲು, ನಿಜ. ಆದರೆ ಏನೂ ಹೊಳೆಯದವರು ಹೇಳುವ ಮಾತೂ ಅದೇ ಆಗಿಬಿಟ್ಟಿದೆ.

ನಮ್ಮಲ್ಲಿ ಒಬ್ಬರು ಹೇಳಿದ್ದು ಹೆಚ್ಚುಕಮ್ಮಿ ಹೀಗಿತ್ತು:

‘ಮೇಡಂ, ನನ್ನ ಕಣ್ಣು ಮೊದಲು ಬೆರಳು ಮತ್ತು ದಾರ ಇರುವ ಜಾಗಕ್ಕೆ ಹೋಯ್ತು. ಬೆರಳಿನ ಸಂದಿಯಲ್ಲಿ ಇನ್ನೂ ಕಟ್ಟದ ಎರಡು ಮೊಗ್ಗು ಇವೆಯಲ್ಲ, ಅದು ಸಿಕ್ಕಿದ್ದು ತುಂಬಾ ಚೆನ್ನಾಗಿದೆ, ಒಂದು ಸೆಕೆಂಡು ಆಚೀಚೆ ಆಗಿದ್ದರೆ ಇರ್ತಿರಲಿಲ್ಲ. ಅಲ್ಲಿಂದ ಮುಖಕ್ಕೆ ಹೋಗೋಣ ಅಂದರೆ ಟ್ಯೂಬ್‌ಲೈಟು ಎಳ್ಕೊಳ್ತಿದೆ. ನೀವು ಮುಖ್ಯ ಅಂದ್ಕೊಂಡಿದ್ದು ಕೈಯಾ, ಮುಖಾನಾ?’

ಮೇಡಂ ಒಂದು ಕ್ಷಣ ಯೋಚಿಸಿ, ‘ಕೈ’ ಅಂದರು.

‘ಹಾಗಾದರೆ ಒಂದೇ ಹೆಜ್ಜೆ ಮುಂದೆ ಹೋಗಿ, ಕೂತು ತೆಗೀಬಹುದಿತ್ತು. ಹೂವಿನ ಮಟ್ಟಕ್ಕೆ ಬಂದರೆ ಟ್ಯೂಬ್‌ಲೈಟು ಅವರ ತಲೆಯ ಹಿಂದೆ ಅಡಗುತ್ತೆ. ಚರ್ಮ, ಹೂವು ಎಲ್ಲ ನೀಲಿಯಾಗಿರೋದು ಟಾರ್ಪಾಲಿಂದ, ಬಿಸಿಲು ಅದರ ಮೂಲಕ ಸೋಸಿ ಬರ್ತಿದೆ, ನಿಮ್ಮ ಫೋನಿನ ತಪ್ಪಲ್ಲ. ಎಡಿಟ್ ಮಾಡುವಾಗ ವಾರ್ಮ್ತ್ (ಹಳದಿ ಛಾಯೆ) ಸ್ವಲ್ಪ ಏರಿಸಿ, ಸರಿ ಹೋಗದಿದ್ರೆ ಕಪ್ಪು-ಬಿಳುಪು ಮಾಡಿ ನೋಡಿ. ಪೋರ್ಟ್ರೇಟ್ ಮೋಡ್ ಹೂವಿನ ದಂಡೆಯ ತುದಿಯನ್ನ ಹಿನ್ನೆಲೆ ಅಂದ್ಕೊಂಡು ಅಳಿಸಿದೆ ನೋಡಿ, ಅದನ್ನ ಆಫ್ ಮಾಡಿ. ಹೂವಿನ ಮೇಲೆ ಬೆರಳಿಟ್ಟು, ಪಕ್ಕದಲ್ಲಿ ಬರೋ ಸೂರ್ಯನ ಗುರುತನ್ನ ಸ್ವಲ್ಪ ಕೆಳಗೆ ಎಳೆದರೆ ಬಿಳಿ ಉಳಿಯುತ್ತೆ.’

ಇದರಲ್ಲಿ ಎರಡಕ್ಕಿಂತ ಜಾಸ್ತಿ ಮಾತಿದೆ, ನನ್ನ ನಿಯಮವೇ ಮುರಿಯಿತು. ಆದರೆ ಗಮನಿಸಿ, ಪ್ರತಿಯೊಂದೂ ಕೈಯಿಂದ ಮಾಡುವ ಕೆಲಸ: ಹೆಜ್ಜೆ ಇಡಿ, ಕೂರಿ, ಏರಿಸಿ, ಆಫ್ ಮಾಡಿ, ಎಳೆಯಿರಿ. ಮೇಡಂ ಮುಂದಿನ ವಾರವೇ ಮತ್ತೆ ಮಾರುಕಟ್ಟೆಗೆ ಹೋದರು. ಹೂವಿನಮ್ಮ ಈ ಸಲ ಎರಡು ಮೊಳ ಕೊಳ್ಳದೆ ಫೋಟೋ ತೆಗೆಯಲು ಬಿಡಲಿಲ್ಲವಂತೆ.

ಹೊಗಳುವುದಕ್ಕೂ ಇದೇ ಅಳತೆ. ಮೇಲಿನ ಮಾತಿನಲ್ಲಿ ‘ಎರಡು ಮೊಗ್ಗು ಸಿಕ್ಕಿದ್ದು ಚೆನ್ನಾಗಿದೆ’ ಅಂದರಲ್ಲ, ಅದು ಕೆಲಸಕ್ಕೆ ಬರುವ ಹೊಗಳಿಕೆ, ಯಾಕೆಂದರೆ ಮೇಡಂಗೆ ಮುಂದೆಯೂ ಅಂಥ ಕ್ಷಣಕ್ಕೆ ಕಾಯಬೇಕು ಅಂತ ಗೊತ್ತಾಯಿತು. ತಪ್ಪು ಹೇಳುವ ಮುಂಚೆ ಬಾಯಿ ಸಿಹಿ ಮಾಡಲಿಕ್ಕೆ ಒಂದು ‘ಗುಡ್’ ಅಂದು, ‘ಆದರೆ’ ಅಂತ ಶುರು ಮಾಡಿದರೆ ಯಾರೂ ಆ ಗುಡ್ ಅನ್ನು ನಂಬುವುದಿಲ್ಲ.

ಕೆಲವು ಕಡೆ ಚಿತ್ರಕ್ಕಿಂತ ಬೇರೆ ಮಾತು ಮೊದಲು ಬರಬೇಕು

ಹಕ್ಕಿ ಗೂಡಿನ ಫೋಟೋ, ಮರಿಗಳು ಬಾಯಿ ತೆರೆದಿವೆ, ಸುತ್ತಲಿನ ಎಲೆಯೆಲ್ಲ ಕಿತ್ತು ಜಾಗ ಮಾಡಿದಂತಿದೆ. ಇಂಥದ್ದಕ್ಕೆ ಕಂಪೋಸಿಷನ್ ಬಗ್ಗೆ ಮಾತಾಡಬೇಡಿ. ಎಷ್ಟು ದೂರದಿಂದ ತೆಗೆದಿರಿ, ಎಲೆ ಸರಿಸಿದಿರಾ ಅಂತ ಕೇಳಿ. ಮರೆ ಹೋದರೆ ಗೂಡು ಬಿಸಿಲಿಗೂ ಕಾಗೆಗೂ ತೆರೆದುಕೊಳ್ಳುತ್ತದೆ, ತಾಯಿ ಹಕ್ಕಿ ಗೂಡು ಬಿಟ್ಟು ಹೋಗಲೂಬಹುದು. ಕಾಡುಪಾಪದ ದೊಡ್ಡ ಕಣ್ಣಿಗೆ ಹತ್ತಿರದಿಂದ ಫ್ಲಾಶ್ ಹೊಡೆದ ಫೋಟೋಗೂ ಅಷ್ಟೇ. ನಾವು ಲೈಕ್ ಕೊಟ್ಟಷ್ಟೂ ನಾಳೆ ಇನ್ನೂ ನಾಲ್ಕು ಜನ ಟಾರ್ಚು ಹಿಡಿದು ಅಲ್ಲಿಗೇ ಹೋಗುತ್ತಾರೆ. ಇದನ್ನು ಎಲ್ಲರೆದುರು ಅಬ್ಬರಿಸುವುದಕ್ಕಿಂತ ಆ ವ್ಯಕ್ತಿಗೇ ಫೋನ್ ಮಾಡಿ ಹೇಳಿದರೆ ಕೇಳುತ್ತಾರೆ, ನನ್ನ ಅನುಭವ. ಹುಷಾರು, ಡಾಕ್ಯುಮೆಂಟ್ ಆಗಿ ಕಳಿಸಿದ ಫೈಲಿನಲ್ಲಿ ತೆಗೆದ ಜಾಗದ ಜಿಪಿಎಸ್ ಗುರುತೂ ಇರಬಹುದು. ಗೂಡು, ಮನೆ, ಮಕ್ಕಳ ಶಾಲೆ ಇಂಥ ಚಿತ್ರವಾದರೆ ಲೊಕೇಶನ್ ತೆಗೆದು ಕಳಿಸಿ.

ಜನರ ಚಿತ್ರದಲ್ಲಿ ಅವರ ಬಣ್ಣ, ಮೈಕಟ್ಟು, ವಯಸ್ಸಿನ ಬಗ್ಗೆ ತಮಾಷೆ ಬೇಡ. ಇದನ್ನೂ ಹೇಳಬೇಕಾ ಅನಿಸಬಹುದು, ಬೇಕು.

ಈಗ ಕೇಳಿಸಿಕೊಳ್ಳುವವರ ಸರದಿ

‘ಹೇಗಿದೆ?’ ಅಂತ ಕೇಳಿದರೆ ‘ಚೆನ್ನಾಗಿದೆ’ ಅಂತಲೇ ಉತ್ತರ ಬರುತ್ತದೆ. ಮದುವೆ ಊಟದ ಪಂಕ್ತಿಯಲ್ಲಿ ‘ಸಾರು ಹೇಗಿದೆ’ ಅಂದಾಗ ನೀವು ಬೇರೆ ಏನಾದರೂ ಹೇಳುತ್ತೀರಾ? ಪ್ರಶ್ನೆ ಚೂಪಾಗಿರಬೇಕು. ‘ಬಂಡೆ ಮೇಲಿನ ಹಕ್ಕಿ ಮೊದಲು ಕಾಣುತ್ತಾ, ಹಿಂದಿನ ಬಿಳಿ ಕೊಂಬೆಯಾ?’ ‘ಇದನ್ನ ಚೌಕಕ್ಕೆ ಕ್ರಾಪ್ ಮಾಡಿದರೆ ಏನಾದರೂ ಕಳೆದುಹೋಗುತ್ತಾ?’ ಹೀಗೆ ಕೇಳಿದರೆ ಎದುರಿನವರು ನಿಜವಾಗಿ ನೋಡಲೇಬೇಕಾಗುತ್ತದೆ.

ಒಂದು ಸಲಕ್ಕೆ ಮೂರಕ್ಕಿಂತ ಹೆಚ್ಚು ಫೋಟೋ ಕೊಡಬೇಡಿ. ನಲವತ್ತು ಕಳಿಸಿ ‘ನೋಡಿ ಹೇಳಿ’ ಅನ್ನುವವರು ಆಯ್ಕೆಯ ಕೆಲಸವನ್ನು ಬೇರೆಯವರ ತಲೆಗೆ ಕಟ್ಟುತ್ತಿದ್ದಾರೆ. ಫಿಲ್ಮ್ ಕಾಲದಲ್ಲಿ ಒಂದು ರೋಲಿಗೆ 36 ಫ್ರೇಮು, ಅದರಲ್ಲಿ ಎರಡು ಚೆನ್ನಾಗಿ ಬಂದರೆ ಹಬ್ಬ. ಆರಿಸುವುದೇ ಅರ್ಧ ಕಲಿಕೆ. ಚಿತ್ರದ ಜೊತೆ ಎರಡು ಸಾಲು ಬರೆಯಿರಿ: ಏನು ತೋರಿಸಬೇಕೆಂದಿದ್ದೆ, ಎಲ್ಲಿ ನನಗೇ ಅನುಮಾನ ಇದೆ. ಶಟರ್, ಅಪರ್ಚರ್ (ಲೆನ್ಸಿನ ಕಿಂಡಿಯ ಅಳತೆ), ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ವಿವರ ಇದ್ದರೆ ಕೊಡಿ, ಮಸುಕು ಕೈ ನಡುಕದಿಂದ ಬಂತಾ, ಫೋಕಸ್ ತಪ್ಪಿದ್ದರಿಂದ ಬಂತಾ ಅಂತ ಹೇಳಲು ಅದು ಬೇಕು.

ಆಮೇಲೆ ಸುಮ್ನೆ ಕೂರಿ. ಇದೇ ಅತಿ ಕಷ್ಟದ ಹಂತ. ಆಗುಂಬೆಯಲ್ಲಿ ಮಳೆಗೆ ನೆನೆದು, ಇಂಬಳ ಕಚ್ಚಿಸಿಕೊಂಡು, ಎರಡು ಗಂಟೆ ಕೂತು ತೆಗೆದ ಕಪ್ಪೆಯನ್ನು ಯಾರಾದರೂ ‘ಸ್ವಲ್ಪ ಫ್ಲಾಟ್ ಅನಿಸುತ್ತೆ’ ಅಂದಾಗ ಬಾಯಿ ತಾನಾಗಿಯೇ ತೆರೆಯುತ್ತದೆ: ‘ಅವತ್ತು ಬೆಳಕೇ ಇರಲಿಲ್ಲ, ಲೆನ್ಸ್ ಮೇಲೆ ಹನಿ, ಮೇಲಾಗಿ...’ ಇಂಬಳ ಫೋಟೋದಲ್ಲಿ ಇಲ್ಲ. ನಿಮ್ಮ ಕಷ್ಟವೂ ಇಲ್ಲ. ನೋಡುವವರಿಗೆ ಇರುವುದು ಆ ಆಯತ ಒಂದೇ. ನೀವು ವಿವರಣೆ ಶುರು ಮಾಡಿದ ಕೂಡಲೇ ಅವರು ಮರ್ಯಾದೆಗೆ ‘ಓ, ಹಾಗಾ, ಹಾಗಿದ್ರೆ ಓಕೆ’ ಅಂದು ಸುಮ್ಮನಾಗುತ್ತಾರೆ. ಅಲ್ಲಿಗೆ ನಿಮ್ಮ ಪಾಠ ಮುಗಿಯಿತು. ನಮ್ಮ ಗುಂಪಿನಲ್ಲಿ ಫೋಟೋ ತೆಗೆದವರು ಮೊದಲ ಮೂರು ನಿಮಿಷ ಮಾತಾಡುವಂತಿಲ್ಲ, ಕೇಳಿದ ಪ್ರಶ್ನೆಗೆ ಉತ್ತರ ಮಾತ್ರ. ಮಾತಾಡಿದವರು ಎಲ್ಲರ ಕಾಫಿ ಬಿಲ್ಲು ಕೊಡಬೇಕು. ನಾನು ಇಲ್ಲಿಯವರೆಗೆ ನಾಲ್ಕು ಸಲ ಕೊಟ್ಟಿದ್ದೇನೆ.

ಕೇಳಿದ್ದನ್ನು ಬರೆದುಕೊಳ್ಳಿ. ಬರೆಯುವಾಗ ಕೈಗೆ ಕೆಲಸ ಸಿಗುತ್ತದೆ, ಮುಖದ ಮೇಲಿನ ಸಿಟ್ಟೂ ಮುಚ್ಚಿಹೋಗುತ್ತದೆ. ಅವತ್ತೇ ಏನೂ ತೀರ್ಮಾನ ಮಾಡಬೇಡಿ, ಒಂದು ರಾತ್ರಿ ಬಿಡಿ. ಮಾರನೇ ದಿನ ಮೂರು ಭಾಗ ಮಾಡಿ: ಒಪ್ಪಿದ್ದು, ಒಪ್ಪದ್ದು, ಅರ್ಥವಾಗದ್ದು. ಒಪ್ಪಿದ್ದನ್ನು ಮಾಡಿಬಿಡುತ್ತೀರಿ. ಅರ್ಥವಾಗದ್ದಕ್ಕೆ ನಾಚಿಕೆ ಬಿಟ್ಟು ಫೋನ್ ಮಾಡಿ ಕೇಳಿ, ‘ಫ್ಲಾಟ್ ಅಂದ್ರಲ್ಲ ಸರ್, ಅಂದ್ರೇನು, ಎಲ್ಲಿ?’ ಅಂತ. ಅನೇಕ ಸಲ ಹೇಳಿದವರಿಗೂ ಸ್ಪಷ್ಟ ಇರುವುದಿಲ್ಲ, ಇಬ್ಬರೂ ಸೇರಿ ಹುಡುಕುವಾಗ ಬೆಳಕು ಎದುರಿನಿಂದ ಬಿದ್ದಿದೆ, ಪಕ್ಕದಿಂದ ಬಿದ್ದಿದ್ದರೆ ಕಪ್ಪೆಯ ಚರ್ಮದ ಗಂಟುಗಳಿಗೆ ನೆರಳು ಬರುತ್ತಿತ್ತು ಅನ್ನುವುದು ಸಿಗುತ್ತದೆ. ಆಗ ಮುಂದಿನ ಮಳೆಗಾಲಕ್ಕೆ ಒಂದು ಚಿಕ್ಕ ಟಾರ್ಚು, ಅದರ ಮೇಲೆ ಟಿಶ್ಯೂ ಕಾಗದ, ಜೊತೆಗೆ ಅದನ್ನು ಒಂದು ಪಕ್ಕದಲ್ಲಿ ಹಿಡಿಯಲು ಒಬ್ಬ ಸ್ನೇಹಿತ, ಇಷ್ಟು ಬೇಕು ಅಂತ ಪಟ್ಟಿ ತಯಾರಾಗುತ್ತದೆ.

ಒಪ್ಪದ್ದನ್ನು ಏನು ಮಾಡುವುದು? ಇಟ್ಟುಕೊಳ್ಳಿ, ಎಸೆಯಬೇಡಿ. ಒಬ್ಬರು ಹೇಳಿದ್ದು ಅವರ ರುಚಿ ಇರಬಹುದು. ಪರಸ್ಪರ ಪರಿಚಯ ಇಲ್ಲದ ಮೂವರು ಒಂದೇ ಜಾಗಕ್ಕೆ ಬೆರಳಿಟ್ಟರೆ ಅಲ್ಲಿ ಏನೋ ಇದೆ. ಹಾಗಂತ ಅವರು ಹೇಳಿದ ಪರಿಹಾರವೇ ಸರಿ ಅಂತಲ್ಲ. ರೋಗ ಸರಿಯಾಗಿ ಹಿಡಿದವರು ಮದ್ದು ತಪ್ಪು ಹೇಳಬಹುದು. ಒಬ್ಬರು ‘ಇನ್ನೂ ಹತ್ತಿರ ಕ್ರಾಪ್ ಮಾಡಿ’ ಅಂತಾರೆ, ಇನ್ನೊಬ್ಬರು ‘ಸುತ್ತ ಇನ್ನೂ ಜಾಗ ಬಿಡಿ’ ಅಂತಾರೆ. ಕೇಳಲು ಜಗಳದ ಹಾಗಿದೆ. ಇಬ್ಬರೂ ಹೇಳುತ್ತಿರುವುದು ಒಂದೇ: ಈಗಿರುವ ಅಳತೆಯಲ್ಲಿ ಹಕ್ಕಿ ಅತ್ತ ಪೋರ್ಟ್ರೇಟೂ ಅಲ್ಲ, ಇತ್ತ ಪರಿಸರದೊಳಗಿನ ಹಕ್ಕಿಯೂ ಅಲ್ಲ. ಒಂದು 4x6 ಪ್ರಿಂಟ್ ಹಾಕಿಸಿ, ರಟ್ಟಿನಲ್ಲಿ ಎರಡು ‘ಎಲ್’ ಆಕಾರ ಕತ್ತರಿಸಿ ಚಿತ್ರದ ಮೇಲಿಟ್ಟು ಆಚೀಚೆ ಸರಿಸಿ ನೋಡಿ. ಸ್ಕ್ರೀನಿನ ಮೇಲೆ ಅರ್ಧ ಗಂಟೆ ಒದ್ದಾಡಿದ್ದು ಎರಡು ನಿಮಿಷದಲ್ಲಿ ತೀರ್ಮಾನ ಆಗುತ್ತದೆ.

ಸಲಾನಿನ ಫಲಿತಾಂಶವನ್ನು ವಿಮರ್ಶೆ ಅಂದುಕೊಳ್ಳಬೇಡಿ. ತೀರ್ಪುಗಾರರ ಮುಂದೆ ಸಾಲಾಗಿ ಚಿತ್ರಗಳು ಹೋಗುತ್ತವೆ, ಒಂದೊಂದಕ್ಕೆ ಕೆಲವೇ ಸೆಕೆಂಡು ಸಿಗುತ್ತದೆ. ನಿಮಗೆ ಅಂಕ ಬರುತ್ತದೆ, ಕಾರಣ ಬರುವುದಿಲ್ಲ. ಒಂದು ಕಡೆ ಬಿದ್ದ ಚಿತ್ರ ಇನ್ನೊಂದು ಕಡೆ ಗೆಲ್ಲುವುದು ಮಾಮೂಲು. ನಾಲ್ಕೈದು ಕಡೆ ಬಿದ್ದರೆ ಮಾತ್ರ ಕೂತು ಯೋಚಿಸಿ. ಹಂಪಿಯ ಕಲ್ಲಿನ ರಥವಾದರೆ ಕಾರಣ ನಾನೇ ಹೇಳುತ್ತೇನೆ: ಅದು ಐವತ್ತರ ನೋಟಿನ ಹಿಂದೆ ಆಗಲೇ ಇದೆ, ನೋಟಿನಲ್ಲಿ ಇಲ್ಲದ್ದು ನಿಮ್ಮದರಲ್ಲಿ ಏನಿದೆ ಅಂತ ನೋಡುವವರು ಕೇಳುತ್ತಾರೆ.

ಗುಂಪು ಕಟ್ಟಿಕೊಳ್ಳುವುದಾದರೆ

ಹತ್ತಿರದಲ್ಲಿ ಕ್ಲಬ್ ಇದ್ದರೆ ಸೇರಿ. ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿ 1971ರಿಂದ ಇದೆ. ಇಲ್ಲದಿದ್ದರೆ ಐದಾರು ಜನ ಸಾಕು, ಹತ್ತಾದರೆ ಅದು ಸಭೆ ಆಗುತ್ತದೆ. ತಿಂಗಳಿಗೊಂದು ಸಲ ಎದುರಾಬದುರು ಕೂರಿ. ಬರೆದು ಕಳಿಸಿದ ‘ಯಾಕೆ ಹೀಗೆ ತೆಗೆದಿರಿ’ ಅನ್ನುವುದು ಬೈಗುಳದಂತೆ ಕಾಣುತ್ತದೆ, ಮುಖ ನೋಡಿ ಕೇಳಿದರೆ ಕುತೂಹಲ ಅಂತ ಗೊತ್ತಾಗುತ್ತದೆ. ಒಬ್ಬರಿಗೆ ಹತ್ತು ನಿಮಿಷ, ಹೆಸರು ಹೇಳದೆ ಚಿತ್ರ ತೋರಿಸುವುದು ಒಳ್ಳೆಯದು, ಹಿರಿಯರು ಕೊನೆಯಲ್ಲಿ ಮಾತಾಡಬೇಕು. ಇದು ಮುಖ್ಯ. ಅವರು ಮೊದಲು ಮಾತಾಡಿದರೆ ಉಳಿದವರೆಲ್ಲ ‘ಸರ್ ಹೇಳಿದ್ದೇ ನನ್ನದೂ’ ಅಂತಾರೆ.

ಇನ್ನೊಂದು ಅಭ್ಯಾಸ ನಮ್ಮಲ್ಲಿದೆ. ಅಭಿಪ್ರಾಯ ಕೇಳಿಸಿಕೊಂಡವರು ಅದೇ ವಿಷಯವನ್ನು ಮತ್ತೆ ತೆಗೆದು, ಹಳೆಯದು ಹೊಸದು ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಬೇಕು. ಹೇಳಿದವರಿಗೂ ಅದೊಂದು ಪರೀಕ್ಷೆ, ಸಲಹೆ ಸುಳ್ಳಾದರೆ ಅಲ್ಲೇ ಗೊತ್ತಾಗುತ್ತದೆ. ನಾನು ಬೆಳ್ಳಕ್ಕಿಗಾಗಿ ರಂಗನತಿಟ್ಟಿಗೆ ಮೂರು ಸಲ ಹೋದೆ. ಮೈನಸ್ ಒಂದಕ್ಕಿಟ್ಟಾಗ ಬೆನ್ನಿನ ಗರಿಗಳು ಬಂದವು. ಎರಡನೇ ಸಲ ದೋಣಿ ಅಲುಗಿ ಕಣ್ಣು ಮಸುಕಾಯಿತು. ಮೂರನೆಯದನ್ನು ಮೊನ್ನೆ ತೋರಿಸಿದೆ, ಗೆಳತಿ ಒಂದು ನಿಮಿಷ ಪೂರ್ತಿ ನೋಡಿದಳು. ‘ಬಲಗಡೆ ರೆಕ್ಕೆ ತುದಿ ಇನ್ನೂ ಸ್ವಲ್ಪ ಬೆಂದಿದೆ, ಮೈನಸ್ ಒಂದೂಕಾಲು ಬೇಕಿತ್ತೇನೋ’ ಅಂದಳು. ನನ್ನ ಕ್ಯಾಮೆರಾದಲ್ಲಿ ಒಂದರ ನಂತರ ಇರುವುದು 1.3, ಕಾಲು ಇಲ್ಲ ಅಂತ ಹೇಳಲು ಬಾಯಿ ತೆರೆದೆ. ಮೂರು ನಿಮಿಷ ಇನ್ನೂ ಆಗಿರಲಿಲ್ಲ. ಬಿಲ್ಲು ನೂರಾ ಎಂಬತ್ತು.